ಸೀಸ ಆರಿಸುವ ನಮ್ಮ ಮಾವ

ನಮ್ಮ ಮಾವನಿಗೆ ಜರಡಿಯಜ್ಜ ಎಂದು ಹೆಸರು. ಎದುರಿಗೆ ಹಾಗೆ ಕರೆದರೆ ಸಿಟ್ಟು ಮಾಡುತ್ತಾರೆ, ಹಿಂದಿನಿಂದ ಕರೆದರೆ ಕೇಳಿಸದವರ ಹಾಗೆ ನಟಿಸಿ ಒಳಗೊಳಗೇ ಖುಷಿಪಡುತ್ತಾರೆ. ಅವರ ಕೆಲಸ ಏನಪ್ಪಾ ಎಂದರೆ ಸೀಸದಿಂದ ಕಸ ಆರಿಸುವುದು. ಇಷ್ಟೇ. ಇಷ್ಟನ್ನೇ ಅವರ ಬಾಯಲ್ಲಿ ಕೇಳಬೇಕು ನೀವು. ಅವರೊಂದು ದಿನ ರಜೆ ಹಾಕಿದರೆ ಪ್ರಪಂಚದ ಕಾರುಗಳೆಲ್ಲ ರಸ್ತೆ ಬಿಟ್ಟು ಚರಂಡಿಗೆ ಇಳಿಯುತ್ತವೆ ಎಂದು ನಿಮಗೂ ಅನ್ನಿಸಿಬಿಡುತ್ತದೆ.

ಸೀಸ ಬರುವುದು ಊರಾಚೆಯ ಬಂದೂಕು ಕ್ಲಬ್ಬಿನಿಂದ. ಅಲ್ಲಿ ದೊಡ್ಡ ಮನುಷ್ಯರು ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು, ಹಳದಿ ಕನ್ನಡಕ ಏರಿಸಿ, ಕಾಗದದ ಮೇಲೆ ಬರೆದ ಮನುಷ್ಯನಿಗೆ ಗುಂಡು ಹೊಡೆಯುತ್ತಾರೆ. ಕಾಗದದ ಮನುಷ್ಯ ಯಾವತ್ತೂ ತಿರುಗಿ ಹೊಡೆದವನಲ್ಲ, ಆದ್ದರಿಂದ ಅವರೆಲ್ಲರೂ ಇನ್ನೂ ವೀರರಾಗಿಯೇ ಉಳಿದಿದ್ದಾರೆ. ಗುರಿ ತಾಗಲಿ ತಪ್ಪಲಿ, ಗುಂಡು ಹೋಗಿ ಹೂತುಕೊಳ್ಳುವುದು ಹಿಂದಿನ ಮಣ್ಣಿನ ದಿಬ್ಬದಲ್ಲಿ. ನಮ್ಮ ಶೆಡ್ಡಿನ ಯಜಮಾನರು ವರ್ಷಕ್ಕೆ ಎರಡು ಸಲ ಆ ದಿಬ್ಬವನ್ನು ಅಗೆಸಿ, ಮಣ್ಣಿನ ಸಮೇತ ಚೀಲಕ್ಕೆ ತುಂಬಿಸಿ ತರಿಸುತ್ತಾರೆ. ನಾವು ಅದನ್ನು ಕರಗಿಸಿ ಮೀನಿನ ಬಲೆಗೆ ಕಟ್ಟುವ ಭಾರಗಳನ್ನೂ ಕಾರಿನ ಚಕ್ರಕ್ಕೆ ಹಚ್ಚುವ ತೂಕದ ತುಂಡುಗಳನ್ನೂ ಎರಕ ಹೊಯ್ಯುತ್ತೇವೆ.

ಚೀಲ ಬಿಚ್ಚಿದರೆ ಅರ್ಧ ಸೀಸ, ಉಳಿದರ್ಧದಲ್ಲಿ ಏನುಂಟು ಏನಿಲ್ಲ. ಕಲ್ಲು, ಹುಲ್ಲಿನ ಬೇರು, ಗುರಿಹಲಗೆಯ ಸಿಬಿರು, ರಬ್ಬರಿನ ಚೂರು, ಕಾಗದದ ಮನುಷ್ಯನ ಕಿವಿ ಮೂಗು, ಸಿಗರೇಟಿನ ತುಂಡು, ಬಸವನಹುಳುವಿನ ಚಿಪ್ಪು. ಒಮ್ಮೆ ಒಂದು ಹಲ್ಲಿನ ಸೆಟ್ಟು ಸಿಕ್ಕಿತ್ತು. ಅದು ದಿಬ್ಬದೊಳಕ್ಕೆ ಹೇಗೆ ಹೋಯಿತು ಎಂದು ನಾವು ಒಂದು ವಾರ ತಲೆ ಕೆಡಿಸಿಕೊಂಡೆವು. ಮಾವ ಅದನ್ನು ತೊಳೆದು ಕ್ಲಬ್ಬಿಗೆ ಕಳಿಸಿಕೊಟ್ಟರು. ವೀರರಲ್ಲಿ ಒಬ್ಬರೂ ಅದು ತಮ್ಮದೆಂದು ಒಪ್ಪಿಕೊಳ್ಳಲಿಲ್ಲ.

ಈ ಕಸದಲ್ಲಿ ಮುಕ್ಕಾಲು ಪಾಲು ಬರೀ ಕಿರಿಕಿರಿ. ಕಲ್ಲು ಕರಗಿದ ಸೀಸದ ಮೇಲೆ ತೇಲುತ್ತದೆ, ಸೌಟಿನಲ್ಲಿ ಬಾಚಿ ಎಸೆಯಬಹುದು. ಕಟ್ಟಿಗೆ, ರಬ್ಬರು ಹೊಗೆಯಾಡುತ್ತವೆ, ಕೆಮ್ಮಿ ಸುಮ್ಮನಾಗಬಹುದು. ಪ್ರಾಣಕ್ಕೆ ಬರುವವು ಎರಡೇ. ಒಂದು, ಯಾರೋ ಬೀಳಿಸಿಕೊಂಡು ಹೋದ, ಒಳಗೆ ಮದ್ದಿರುವ, ಸಿಡಿಯದ ತೋಟಾ. ಇನ್ನೊಂದು ನೀರು. ತಾಮ್ರದ ಹೊದಿಕೆಯ ಗುಂಡು ದಿಬ್ಬಕ್ಕೆ ಬಡಿದು ಬಾಯಿ ಬಿಟ್ಟುಕೊಂಡಿರುತ್ತದೆ. ಅದರ ಹೊಟ್ಟೆಯಲ್ಲಿ ಮಣ್ಣು, ಮಣ್ಣಿನಲ್ಲಿ ತೇವ. ಹೊರಗೆ ನೋಡಿದರೆ ಒಣಗಿದ ಹಾಗೇ ಇರುತ್ತದೆ. ಅಂಥದ್ದೊಂದು ಕಡಾಯಿಗೆ ಬಿತ್ತೋ, ತೇವ ಒಂದೇ ಏಟಿಗೆ ಹಬೆಯಾಗಿ, ಕುದಿಯುವ ಸೀಸವನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಮೇಲಕ್ಕೆ ಅಂದರೆ ಎಲ್ಲಿಗೆ? ಕಡಾಯಿಯ ಮೇಲೆ ಬಗ್ಗಿ ನಿಂತವನ ಮುಖಕ್ಕೆ. ಬಗ್ಗಿ ನಿಲ್ಲುವವನು ನಾನು. ಬೆಳಿಗ್ಗೆ ಮಾವ ಆರಿಸಿ ಕೊಟ್ಟದ್ದನ್ನು ಮಧ್ಯಾಹ್ನದ ಮೇಲೆ ನಾನು ಕರಗಿಸಬೇಕು. ಹದಿನೆಂಟು ವರ್ಷಗಳಿಂದ ನನ್ನ ಕಣ್ಣು, ಮೂಗು, ಮೀಸೆ ಎಲ್ಲವೂ ನಮ್ಮ ಮಾವನ ಬೆರಳುಗಳ ದಯೆಯಲ್ಲಿವೆ.

ಅವರು ಕೆಲಸ ಮಾಡುವ ಪರಿಯನ್ನು ನೋಡಬೇಕು. ಮೊದಲು ದೊಡ್ಡ ಕಣ್ಣಿನ ಜರಡಿ, ಆಮೇಲೆ ಸಣ್ಣ ಕಣ್ಣಿನದು. ಮಣ್ಣು ಇಳಿದ ಮೇಲೆ ಕಲ್ಲು ಕಡ್ಡಿ ಹೆಕ್ಕುವುದು. ಆಮೇಲೆ ಕೆಂಡದ ಮೇಲಿಟ್ಟ ಅಗಲ ತಗಡಿನಲ್ಲಿ ಹರಡಿ ಒಣಗಿಸುವುದು. ತಗಡನ್ನು ಕೆಳಗಿಳಿಸಿ, ಕೈ ತಾಳುವಷ್ಟು ಬಿಸಿ ಇಳಿದ ಮೇಲೆ ಶುರು ಅವರ ನಾಟಕ. ಎರಡೂ ಕಣ್ಣು ಮುಚ್ಚಿ, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ, ಒಂದೊಂದೇ ಗುಂಡನ್ನು ಬೆರಳ ತುದಿಯಲ್ಲಿ ಹೊರಳಿಸುತ್ತಾರೆ. ಎಲ್ಲವೂ ಬೆಚ್ಚಗಿರುವಾಗ ಹೊಟ್ಟೆಯಲ್ಲಿ ತೇವ ಉಳಿದದ್ದು ಮಾತ್ರ ಒಂದು ಎಳೆ ತಣ್ಣಗಿರುತ್ತದಂತೆ. ನನಗೆ ಆ ಎಳೆ ಒಂದು ದಿನವೂ ಸಿಕ್ಕಿದ್ದಿಲ್ಲ. ಅವರಿಗೆ ಸಿಗುತ್ತಿತ್ತು. ಅಂಥದ್ದು ಸಿಕ್ಕ ಕೂಡಲೇ ಕಣ್ಣು ತೆರೆಯದೆಯೇ ಹಿಂದಕ್ಕೆ ಎಸೆಯುತ್ತಿದ್ದರು, ಅದು ಹೋಗಿ ಸರಿಯಾಗಿ ಬಕೆಟ್ಟಿಗೇ ಬೀಳುತ್ತಿತ್ತು.

"ಕಣ್ಣು ಮೋಸ ಹೋಗುತ್ತೆ ಅಳಿಯಂದ್ರೇ. ಹೊರಗಿನ ಹೊಳಪು ನೋಡಿ ಸರಿ ಅಂದುಬಿಡುತ್ತೆ. ಬೆರಳಿಗೆ ಹೊಳಪು ಗೊತ್ತಾಗಲ್ಲ." ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆ ಎಂದರೆ, ಅವರು "ಕಣ್ಣು" ಎಂದರೆ ಸಾಕು, ಮಿಕ್ಕದ್ದನ್ನು ನಾನೇ ಮುಗಿಸಿಕೊಡಬಲ್ಲೆ.

ಶೆಡ್ಡಿನಲ್ಲಿ ಗ್ಲೌಸು ಇಲ್ಲವೆಂದೇನೂ ಅಲ್ಲ. ಯಜಮಾನರು ತಂದಿಟ್ಟಿದ್ದಾರೆ. 'ಸುರಕ್ಷತೆಯೇ ಮೊದಲು' ಎಂಬ ಬೋರ್ಡಿನ ಕೆಳಗೆ ಮೊಳೆಗೆ ನೇತುಹಾಕಿದ್ದಾರೆ, ತಪಾಸಣೆಗೆ ಬಂದವರ ಕಣ್ಣಿಗೆ ಬೀಳಲಿ ಎಂದು. ಆ ಬೋರ್ಡನ್ನು ಹೊಡೆದಿರುವುದು ಕಿಟಕಿಯ ಗಾಜು ಒಡೆದ ಜಾಗಕ್ಕೆ. ಮಾವನೂ ಆ ಗ್ಲೌಸನ್ನು ಮುಟ್ಟಿದವರಲ್ಲ. "ಅದನ್ನ ಹಾಕ್ಕೊಂಡ್ರೆ ಬೆರಳಿಗೆ ಕಿವುಡು ಬಂದ ಹಾಗೆ" ಎನ್ನುತ್ತಾರೆ. ಅದೇ ಮನುಷ್ಯ ಊಟಕ್ಕೆ ಮುಂಚೆ ನನ್ನನ್ನು ನಲ್ಲಿಯ ಮುಂದೆ ನಿಲ್ಲಿಸಿ, ಮೊಣಕೈವರೆಗೆ ಸೋಪು ಹಚ್ಚಿಸಿ, ಉಗುರಿನ ಸಂದಿ ತೋರಿಸು ಎಂದು ಜೀವ ತಿನ್ನುತ್ತಾರೆ. ಸೀಸ ಮೈಯೊಳಗೆ ಹೋಗಬಾರದು ಎಂದು ಉಪದೇಶ ಬೇರೆ. ಅವರ ಮೈ ಮಾತ್ರ ಯಾವುದೋ ಬೇರೆ ಮಣ್ಣಿನಲ್ಲಿ ಮಾಡಿದ್ದೇನೋ.

ನನ್ನ ಮದುವೆ ನಿಶ್ಚಯವಾದದ್ದೂ ಆ ತಗಡಿನ ಮುಂದೆಯೇ. ಆಗ ನಾನು ಕುಲುಮೆಗೆ ಹೊಸದಾಗಿ ಸೇರಿದ್ದೆ. ಅಪ್ಪನಿಗೆ ಊಟದ ಡಬ್ಬಿ ತರುತ್ತಿದ್ದ ಹುಡುಗಿಯನ್ನು ಕಂಡು ನನಗೂ, ನನ್ನನ್ನು ಕಂಡು ಅವಳಿಗೂ ಮನಸ್ಸಾಗಿತ್ತು. ಬೇರೆ ಅಪ್ಪಂದಿರಾಗಿದ್ದರೆ ಹುಡುಗ ಕುಡಿಯುತ್ತಾನಾ, ಮನೆ ಕಡೆ ಹೇಗೆ ಎಂದು ವಿಚಾರಿಸುತ್ತಿದ್ದರು. ಇವರು ಒಂದು ತಟ್ಟೆ ಸೀಸ ಮುಂದಿಟ್ಟು, "ಆರಿಸು ನೋಡೋಣ" ಎಂದರು. ಒಂದು ಗಂಟೆ ಬೆವರು ಸುರಿಸಿ ಒಂದು ಕಲ್ಲು ಹುಡುಕಿಕೊಟ್ಟೆ. "ಮೂರು ಇಟ್ಟಿದ್ದೆ" ಎಂದರು. ಆಮೇಲೆ ಮಗಳ ಕಡೆ ತಿರುಗಿ, "ನಿನ್ನನ್ನ ಚೆನ್ನಾಗಿ ನೋಡ್ಕೋತಾನೆ. ಕೆಲಸ ಮಾತ್ರ ಇವನ ಕೈಲಿ ಆಗಲ್ಲ" ಎಂದು ತೀರ್ಪು ಕೊಟ್ಟರು. ಮದುವೆಯಾದ ಮರುದಿನದಿಂದ ಏಕವಚನ ಹೋಗಿ ಅಳಿಯಂದ್ರೇ, ನೀವು, ಬನ್ನಿ, ಹೋಗಿ ಶುರುವಾಯಿತು. ಕೆಲಸದ ವಿಷಯದಲ್ಲಿ ಅಭಿಪ್ರಾಯ ಮಾತ್ರ ಇದ್ದಲ್ಲೇ ಇತ್ತು. ಅತ್ತೆ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದಿದ್ದಾರೆ, ಹಾಗಾಗಿ ಆ ಅಭಿಪ್ರಾಯವನ್ನು ನಾನು ಊಟದ ಹೊತ್ತಿಗೂ ಕೇಳುತ್ತೇನೆ.

ಕಳೆದ ವರ್ಷ ಮಳೆ ನಿಂತ ಹೊಸದರಲ್ಲಿ ಒಂದು ಮಧ್ಯಾಹ್ನ ಕಡಾಯಿ ಸಿಡಿಯಿತು. ಮಾವ ಆರಿಸಿದ ತಟ್ಟೆಯಿಂದ ಒಂದು ಸೌಟು ಸುರಿದಿದ್ದೆ ಅಷ್ಟೇ, ಢಬ್ ಎಂದು ಸೀಸ ಮೇಲೆದ್ದು ಸೂರಿನ ತಗಡಿಗೆ ಬಡಿಯಿತು. ಅದೃಷ್ಟಕ್ಕೆ ನಾನು ಆ ಕ್ಷಣ ಸೀನಲು ಪಕ್ಕಕ್ಕೆ ತಿರುಗಿದ್ದೆ. ಒಂದು ಹನಿ ಮಾತ್ರ ತೋಳಿಗೆ ಬಿದ್ದು, ಅಂಗಿ ತೂತಾಗಿ, ಚರ್ಮ ಸುಟ್ಟಿತು.

ಮಾವ ಎದ್ದು ಬಂದು ಕಡಾಯಿಯೊಳಗೆ ಇಣುಕಿದರು. "ನಿಮ್ಮ ಸೌಟು ಒದ್ದೆ ಇತ್ತೇನೋ" ಎಂದರು.

"ಸೌಟು ಬೆಳಿಗ್ಗೆಯಿಂದ ಒಲೆ ಪಕ್ಕದಲ್ಲೇ ಇದೆ ಮಾವ. ನಿಮ್ಮ ತಟ್ಟೆಯಿಂದ ಬಂದಿದ್ದು ಇದು."

"ನನ್ನ ತಟ್ಟೆಯಿಂದ? ಹದಿನೆಂಟು ವರ್ಷದಲ್ಲಿ ಬಂದಿದೆಯಾ?"

ಬಂದಿರಲಿಲ್ಲ. ಸೀನಿದವನದೇ ತಪ್ಪು ಎಂಬಂತೆ ಅವರು ತಲೆ ಆಡಿಸುತ್ತಾ ಹೋಗಿ ತಮ್ಮ ಜಾಗದಲ್ಲಿ ಕೂತರು. ನಾನು ಅವತ್ತಿನಿಂದ ಅವರ ಕೈಯನ್ನೇ ನೋಡಲು ಶುರುಮಾಡಿದೆ.

ನಾಲ್ಕನೆಯ ದಿನ ಗೊತ್ತಾಯಿತು. ತಗಡನ್ನು ಕೆಂಡದ ಮೇಲಿಂದ ಆಗಷ್ಟೇ ಇಳಿಸಿದ್ದರು, ಬಿಸಿ ಇನ್ನೂ ಇಳಿದಿರಲಿಲ್ಲ. ಮಾವ ಎಂದಿನ ಹಾಗೆ ಕಣ್ಣು ಮುಚ್ಚಿ ಕೈ ಹಾಕಿದರು. ಒಂದು ಗುಂಡನ್ನು ಎತ್ತಿಕೊಂಡು ನಿಧಾನವಾಗಿ ಹೊರಳಿಸತೊಡಗಿದರು. ನಾನು ಆಗಷ್ಟೇ ಅದರ ಪಕ್ಕದ ಗುಂಡನ್ನು ಮುಟ್ಟಿ ಚುರ್ ಎಂದು ಕೈ ಹಿಂದಕ್ಕೆಳೆದುಕೊಂಡಿದ್ದೆ. ಅವರು ಹೊರಳಿಸುತ್ತಲೇ ಇದ್ದರು. ಮುಖದಲ್ಲಿ ಅದೇ ಗತ್ತು, ಅದೇ ಧ್ಯಾನ. ಚರ್ಮ ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆ ಕಣ್ಣು ತೆರೆದು ತಮ್ಮ ಬೆರಳನ್ನು ತಾವೇ ನೋಡಿದರು. ಯಾರಾದರೂ ನೋಡಿಬಿಟ್ಟರೇ ಎಂದು ಸುತ್ತ ಕಣ್ಣಾಡಿಸಿದರು. ನಾನು ಒಲೆ ಊದುವವನ ಹಾಗೆ ಬಗ್ಗಿದೆ. ಅವರು ಕೈಯನ್ನು ಜೇಬಿಗೆ ಹಾಕಿಕೊಂಡರು.

ಜೀವಮಾನವೆಲ್ಲ ಬರಿಗೈಯಲ್ಲಿ ಸೀಸ ಹೊರಳಿಸಿದ್ದಕ್ಕೆ ಸೀಸ ಕೊಟ್ಟ ಬಳುವಳಿ ಅದು. ಬೆರಳುಗಳು ಸತ್ತಿದ್ದವು. ಬಿಸಿ ಗೊತ್ತಿಲ್ಲ, ತಣ್ಣಗಿನದು ಗೊತ್ತಿಲ್ಲ, ಭಾರದ ಮೇಲೆ ತೋಟಾ ಯಾವುದು ಬರೀ ಗುಂಡು ಯಾವುದು ಎಂದು ಗೊತ್ತಿಲ್ಲ. ಆದರೂ ದಿನಾ ಕಣ್ಣು ಮುಚ್ಚಿ ಕೂತು, ಗೊತ್ತಾದವರ ಹಾಗೆ ಹತ್ತಕ್ಕೊಂದನ್ನು ಬಕೆಟ್ಟಿಗೆ ಎಸೆಯುತ್ತಿದ್ದರು. ಅಂದಾಜಿನ ಮೇಲೆ. ನನ್ನ ಮುಖ ಅವರ ಅಂದಾಜಿನ ಮೇಲೆ ನಿಂತಿತ್ತು.

ಹೇಳಬೇಕಿತ್ತು, ಹೇಳಲಿಲ್ಲ. ಯಜಮಾನರ ಕಿವಿಗೆ ಬಿದ್ದರೆ ಅವತ್ತೇ ಮಾವ ಶೆಡ್ಡಿನಿಂದ ಹೊರಗೆ. ಹೊರಗೆ ಬಂದು ಈ ಮನುಷ್ಯ ಏನು ಮಾಡುತ್ತಾರೆ? ಅವರಿಗೆ ಇನ್ನೊಂದು ಮಾತು ಬರುವುದಿಲ್ಲ, ಇನ್ನೊಂದು ಹುಚ್ಚಿಲ್ಲ, ಎಲೆ ಅಡಿಕೆಯ ಚಟವೂ ಇಲ್ಲ. ಮನೆಯಲ್ಲಿ ಕೂತು ನನ್ನ ಸಂಸಾರವನ್ನು ಜರಡಿ ಹಿಡಿಯುತ್ತಾರೆ ಎಂಬ ಭಯವೂ ನನಗಿತ್ತು, ಸುಳ್ಳೇಕೆ ಹೇಳಲಿ. ಇನ್ನು ನನ್ನ ಹೆಂಡತಿ. ಅವಳ ಪಾಲಿಗೆ ಅಪ್ಪನ ಬೆರಳು ಅಂದರೆ ಮುಗಿಯಿತು. ಮನೆಯಲ್ಲಿ ಮಾವ ಎತ್ತಲು ಹೋದ ಮೂರು ಲೋಟ ಕೆಳಗೆ ಬಿದ್ದು ಒಡೆದಾಗಲೂ, "ರೀ, ನೀವು ಲೋಟಾನ ಅಂಚಿಗೆ ಇಡ್ತೀರಿ" ಎಂದು ನನ್ನನ್ನೇ ಬೈದಳು.

ಹಾಗಾಗಿ ನಾನೊಂದು ಉಪಾಯ ಮಾಡಿದೆ. ಮಾವ ಊಟವಾದ ಮೇಲೆ ಗೋಡೆಗೆ ಒರಗಿ ಅರ್ಧ ಗಂಟೆ ನಿದ್ದೆ ಹೊಡೆಯುತ್ತಾರೆ. ಆ ಅರ್ಧ ಗಂಟೆಯಲ್ಲಿ ಅವರ ತಟ್ಟೆಯನ್ನು ಹಿಂದಿನ ಮೂಲೆಗೆ ಹೊತ್ತುಕೊಂಡು ಹೋಗಿ ಮತ್ತೆ ಆರಿಸುವುದು. ನನಗೆ ಅವರ ಬೆರಳಿನ ವಿದ್ಯೆ ಎಲ್ಲಿಂದ ಬರಬೇಕು? ಇಕ್ಕಳ ತೆಗೆದುಕೊಂಡು ತಾಮ್ರದ ಹೊದಿಕೆಯ ಗುಂಡುಗಳ ಬಾಯಿಯನ್ನು ಒಂದೊಂದಾಗಿ ಬಿಡಿಸಿ, ಹೊಟ್ಟೆಯೊಳಗಿನ ಮಣ್ಣು ಕೆರೆದು, ಮಿಕ್ಕದ್ದನ್ನೆಲ್ಲ ತಗಡಿನ ಮೇಲೆ ಇನ್ನೊಂದು ಸುತ್ತು ಕಾಯಿಸುತ್ತಿದ್ದೆ. ಮಾವನ ಗೊರಕೆ ಶೆಡ್ಡಿನ ಆ ತುದಿಯಿಂದ ಕೇಳುತ್ತಿರುತ್ತಿತ್ತು. ಗೊರಕೆ ಇರುವವರೆಗೆ ನನಗೆ ಧೈರ್ಯ. ಮೊದಲ ವಾರದಲ್ಲೇ ಎರಡು ಜೀವಂತ ತೋಟಾ ಸಿಕ್ಕವು.

ಈ ಕಳ್ಳ ಪುಣ್ಯಕಾರ್ಯದಿಂದ ಏನಾಯಿತೆಂದರೆ, ನಮ್ಮ ಸೀಸ ಹಿಂದೆಂದೂ ಇಲ್ಲದಷ್ಟು ಶುದ್ಧವಾಯಿತು. ಎರಡೆರಡು ಸಲ ಆರಿಸಿದ ಮಾಲು ತಾನೇ. ಕಡಾಯಿಯ ಮೇಲೆ ಕಿಟ್ಟವೇ ಕಟ್ಟುತ್ತಿರಲಿಲ್ಲ. ಯಜಮಾನರು ಒಂದು ದಿನ ಬಂದು, ಬಗ್ಗಿ ನೋಡಿ, ಮಾವನ ಬೆನ್ನು ತಟ್ಟಿದರು. "ಏನಜ್ಜ, ವಯಸ್ಸಾದಷ್ಟೂ ಕೈ ಚುರುಕಾಗ್ತಾ ಇದೆಯಲ್ಲ ನಿಂದು."

ಮಾವ ಉಬ್ಬಿಹೋದರು. "ಅಭ್ಯಾಸ ಯಜಮಾನ್ರೇ" ಎಂದು ಹಲ್ಲು ಬಿಟ್ಟರು. ನನ್ನ ಕಡೆ ನೋಡಿ, "ನಮ್ಮ ಅಳಿಯಂದ್ರಿಗೂ ಕಲಿಸೋಣ ಅಂತೀನಿ, ಮನಸ್ಸಿಟ್ಟು ಕಲಿಯಲ್ಲ" ಎಂದು ಒಗ್ಗರಣೆ ಬೇರೆ ಹಾಕಿದರು. ನನಗೆ ಮೈಯೆಲ್ಲ ಉರಿಯಿತು. ಯಜಮಾನರು ಮೆಚ್ಚಿಗೆಯನ್ನು ಬರೀ ಬಾಯಲ್ಲಿ ಮುಗಿಸುವವರಲ್ಲ, ಮರುದಿನದಿಂದ ದಿನಕ್ಕೆ ಇನ್ನೂ ಎರಡು ಚೀಲ ಹೆಚ್ಚಿಗೆ ಕಳಿಸಿದರು. ಮಾವ ಎರಡು ಚೀಲ ಹೆಚ್ಚಿಗೆ ಹಾಳು ಮಾಡಿದರು, ನಾನು ಎರಡು ಚೀಲ ಹೆಚ್ಚಿಗೆ ರಿಪೇರಿ ಮಾಡಿದೆ. ಅರ್ಧ ಗಂಟೆ ಸಾಲದಾಯಿತು. ನನ್ನ ಊಟವನ್ನು ಇಕ್ಕಳದ ಪಕ್ಕದಲ್ಲಿಟ್ಟುಕೊಂಡು ನಿಂತೇ ಮುಗಿಸುತ್ತಿದ್ದೆ. ವಿಚಿತ್ರವೆಂದರೆ ಮಾವನ ನಿದ್ದೆಯೂ ಆ ವಾರದಿಂದ ಉದ್ದವಾಯಿತು. ಮುದುಕನಿಗೆ ಸುಖ ಹೆಚ್ಚಾಯಿತು ಎಂದು ಹಲ್ಲು ಕಡಿದೆ.

ಆಮೇಲೆ ಯಜಮಾನರಿಗೆ ಇವರನ್ನು ತೋರಿಸುವ ಹುಚ್ಚು ಹಿಡಿಯಿತು. ಕ್ಲಬ್ಬಿನ ಇಬ್ಬರು ವೀರರನ್ನು ಕರೆದುಕೊಂಡು ಬಂದರು, ಕಣ್ಣು ಮುಚ್ಚಿ ಸೀಸ ಆರಿಸುವ ಅಜ್ಜನನ್ನು ನೋಡಲಿ ಎಂದು. ಮಾವ ಅಂಗಿ ಕೊಡವಿಕೊಂಡು, ಗಂಟಲು ಸರಿಮಾಡಿಕೊಂಡು ಕೂತರು. ವೀರರಲ್ಲಿ ಒಬ್ಬ, ಬೆರಳ ತುಂಬ ಉಂಗುರದವನು, ನಮಗೆಲ್ಲ ಕಣ್ಣು ಹೊಡೆದು ಒಂದು ಹುಣಸೆಬೀಜದಷ್ಟು ಕಲ್ಲನ್ನು ಮೆಲ್ಲಗೆ ತಗಡಿಗೆ ಹಾಕಿದ. ಮಾವನ ಬೆರಳು ಆ ಕಲ್ಲಿನ ಮೇಲೆ ಬಂತು. ಹೊರಳಿಸಿತು. ಅದನ್ನು ಒಳ್ಳೆಯ ಸೀಸದ ರಾಶಿಗೆ ಸೇರಿಸಲು ಎತ್ತಿತು.

ನಾನು ತಡಮಾಡಲಿಲ್ಲ. ಸೌಟು ಹಿಡಿದು ಹೋಗುವವನ ಹಾಗೆ ಮುಂದೆ ಬಂದು, ಎಡವಿ, ತಗಡಿನ ಮೇಲೇ ಬಿದ್ದೆ. ಸೀಸವೆಲ್ಲ ನೆಲಕ್ಕೆ ಚೆಲ್ಲಿತು. ಉಂಗುರದವನ ಬೂಟಿನ ಮೇಲೂ ಬಿತ್ತು.

"ಕಣ್ಣು ನೆತ್ತಿ ಮೇಲಿದೆಯಾ ನಿಮಗೆ?" ಮಾವ ಗುಡುಗಿದರು. "ದೊಡ್ಡವರು ಬಂದಾಗಲೇ ನಿಮ್ಮ ಕೋತಿ ಚೇಷ್ಟೆ ಆಗಬೇಕಾ?"

ಯಜಮಾನರೂ ತಮ್ಮ ಪಾಲಿನದನ್ನು ಬೈದರು. ವೀರರು ನಕ್ಕರು. ನಾನು ನೆಲದ ಮೇಲೆ ಮಂಡಿಯೂರಿ ಸೀಸ ಗುಡಿಸಿದೆ. ಇಷ್ಟು ಮಾಡಿದ್ದಕ್ಕೆ ಇಷ್ಟು ಬಹುಮಾನ ಸಿಕ್ಕಿತಲ್ಲ ಎಂದು ಅವತ್ತು ಮನೆಯಲ್ಲಿ ಊಟಕ್ಕೇ ಕೂರಲಿಲ್ಲ. ಮಾವ ಮಾತ್ರ ಹೊಟ್ಟೆ ತುಂಬ ಉಂಡು, ನನ್ನ ಮಂಡಿಗೆ ಮುಲಾಮು ಹಚ್ಚಲು ಮಗಳಿಗೆ ಹೇಳಿ ಮಲಗಿದರು.

ಹೀಗೆ ಎಂಟು ತಿಂಗಳು ನಡೆಯಿತು. ಒಂದು ದಿನ ನನ್ನ ದವಡೆ ಹಲ್ಲು ಕೈಕೊಟ್ಟಿತು. ಕೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ಯಜಮಾನರು ನನ್ನ ಮುಖ ನೋಡಿ, "ಹೋಗು, ಕೀಳಿಸ್ಕೊಂಡು ಬಾ. ಇವತ್ತು ಒಲೆ ಹಚ್ಚೋದು ಬೇಡ" ಎಂದರು. ಒಲೆ ಹಚ್ಚುವುದಿಲ್ಲ ಎಂದ ಮೇಲೆ ತಟ್ಟೆಯ ಚಿಂತೆಯಿಲ್ಲ. ನಿಶ್ಚಿಂತೆಯಿಂದ ಹೋಗಿ, ಸೂಜಿ ಚುಚ್ಚಿಸಿಕೊಂಡು, ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿ ಮನೆಗೆ ಬಂದು ಮಲಗಿದೆ. ಅರ್ಧ ಮುಖ ಮರಗಟ್ಟಿತ್ತು.

ಹೆಂಡತಿ ಅಪ್ಪನಿಗೆ ಊಟ ಕೊಟ್ಟು ಬಂದವಳು ನನ್ನನ್ನು ನೋಡಿ ಗಾಬರಿಯಾದಳು. "ರೀ, ತುಟಿಯಿಂದ ರಕ್ತ ಬರ್ತಾ ಇದೆ." ಕನ್ನಡಿ ನೋಡಿದೆ. ನನ್ನ ತುಟಿಯನ್ನು ನಾನೇ ಕಚ್ಚಿಕೊಂಡು ಎಷ್ಟು ಹೊತ್ತಾಗಿತ್ತೋ, ನನಗೆ ಗೊತ್ತೇ ಆಗಿರಲಿಲ್ಲ. ಮಾವನ ಸುಟ್ಟ ಬೆರಳು ನೆನಪಾಯಿತು. ಎಂಟು ತಿಂಗಳು ಅವರ ಮೇಲೆ ಹಲ್ಲು ಕಡಿದಿದ್ದೆ, ಆ ಬೆರಳುಗಳೊಂದಿಗೆ ಒಂದು ದಿನ ಬದುಕುವುದು ಹೇಗಿರುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ.

ಅವಳು ರಕ್ತ ಒರೆಸುತ್ತಾ ಹೇಳಿದಳು. "ನೀವೇನೂ ಯೋಚನೆ ಮಾಡಬೇಡಿ. ಒಲೆ ಹಚ್ಚಿದಾರೆ. ಯಾವುದೋ ಅರ್ಜೆಂಟ್ ಆರ್ಡರ್ ಬಂತಂತೆ. ಇವತ್ತು ಅಚ್ಚಿನವನೇ ಕಡಾಯಿ ಮುಂದೆ ನಿಲ್ತಾನಂತೆ."

ಅಚ್ಚಿನವನು ಎಂದರೆ ಅಚ್ಚಿಗೆ ಸೀಸ ಹೊಯ್ಯುವವನು. ಒಳ್ಳೆಯವನು, ಆದರೆ ಮೊಬೈಲಿನಿಂದ ತಲೆ ಎತ್ತಿದ್ದನ್ನು ಯಾರೂ ನೋಡಿಲ್ಲ. ಅವನ ಮುಂದೆ ಯಾವ ತಟ್ಟೆ ಇಟ್ಟರೂ ಹಾಗೇ ಸುರಿಯುತ್ತಾನೆ. ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಹೆಂಡತಿ ಹಿಂದಿನಿಂದ ಏನೋ ಕೂಗಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಲ್ಲಿ ಜೋಡಿಸಿದರೆ, ನಾಲಿಗೆ ಹೊರಳುತ್ತಿಲ್ಲ. ನಿಲ್ಲಿಸಿ ಎನ್ನಲು ಹೋದರೆ ಮೇಕೆಯ ಹಾಗೆ ಸದ್ದು ಬರುತ್ತಿತ್ತು.

ಶೆಡ್ಡಿನಲ್ಲಿ ಕಡಾಯಿ ಕಾದಿತ್ತು. ಅಚ್ಚಿನವನು ಸೌಟು ಹಿಡಿದು ಪೆಚ್ಚಾಗಿ ನಿಂತಿದ್ದ. ಅವನ ಮುಂದೆ, ಒಲೆಗೆ ಬೆನ್ನು ಹಾಕಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಮಾವ ಕೂತಿದ್ದರು. ತಾವು ಆರಿಸಿದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ತೋಳಿನಿಂದ ಅವುಚಿಕೊಂಡಿದ್ದರು. ಯಜಮಾನರ ಮುಖ ಕೆಂಪಾಗಿತ್ತು.

"ಏನಜ್ಜ ಇದು ಹಠ? ನಿನ್ನ ತಟ್ಟೆ ನೀನೇ ಕೊಡಲ್ಲ ಅಂದ್ರೆ?"

"ಕೊಡಲ್ಲ. ಇದು ಸರಿಯಾಗಿಲ್ಲ."

"ದಿನಾ ಸರಿ ಇರೋದು ಇವತ್ತು ಏನಾಯ್ತು?"

ನಾನು ಬಾಗಿಲಲ್ಲಿ ನಿಂತು ಮ್ಯಾ ಮ್ಯಾ ಎಂದೆ. ಯಾರೂ ತಿರುಗಿ ನೋಡಲಿಲ್ಲ.

"ದಿನಾನೂ ಸರಿ ಇರಲಿಲ್ಲ" ಎಂದರು ಮಾವ. ದನಿ ಸಣ್ಣದಾಗಿತ್ತು. "ನನ್ನ ಬೆರಳು ಹೋಗಿ ಎಂಟು ತಿಂಗಳಾಯ್ತು. ಏನೂ ಗೊತ್ತಾಗಲ್ಲ. ಮಧ್ಯಾಹ್ನ ನಮ್ಮ ಅಳಿಯಂದ್ರು ಕೂತು ಎಲ್ಲಾನೂ ಮತ್ತೆ ಆರಿಸ್ತಾರೆ. ಇವತ್ತು ಅವರಿಲ್ಲ. ಇದನ್ನ ಕಡಾಯಿಗೆ ಹಾಕಿದ್ರೆ ಇವನ ಮುಖ ಹೋಗುತ್ತೆ."

ಅಚ್ಚಿನವನು ಮೊದಲ ಸಲ ತಲೆ ಎತ್ತಿ ನೋಡಿದ. ಸೌಟನ್ನು ಮೆಲ್ಲಗೆ ಕೆಳಗಿಟ್ಟ.

ಯಜಮಾನರು ನಂಬಲಿಲ್ಲ. "ನೀನು ಮಲಗಿರ್ತೀಯಲ್ಲ ಮಧ್ಯಾಹ್ನ? ನಿಂಗೆ ಹೇಗೆ ಗೊತ್ತು?"

"ಮಲಗಲ್ಲ. ಕಣ್ಣು ಮುಚ್ಕೊಂಡಿರ್ತೀನಿ. ಗೊರಕೆ ನಿಂತ್ರೆ ಅವರು ಕೆಲಸ ಬಿಟ್ಟು ಎದ್ದುಬಿಡ್ತಾರೆ, ಅದಕ್ಕೆ ಹೊಡೀತಾ ಇರ್ತೀನಿ."

ಎಂಟು ತಿಂಗಳು ಆ ಗೊರಕೆಯ ಭರವಸೆಯಲ್ಲಿ ಕಳ್ಳನ ಹಾಗೆ ಹೆಜ್ಜೆಯಿಟ್ಟವನು ನಾನು. ಎರಡು ಚೀಲ ಹೆಚ್ಚಾದಾಗ ಅವರ ನಿದ್ದೆ ಯಾಕೆ ಉದ್ದವಾಯಿತು ಎಂದು ಈಗ ಗೊತ್ತಾಯಿತು. ಗಂಟೆಗಟ್ಟಲೆ ಎಚ್ಚರವಿದ್ದು ಗೊರಕೆ ಹೊಡೆಯುವುದು ಸೀಸ ಆರಿಸುವುದಕ್ಕಿಂತ ಕಷ್ಟದ ಕೆಲಸ.

"ಅಂದ್ರೆ ಇಬ್ಬರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದ್ರಿ" ಎಂದರು ಯಜಮಾನರು.

"ಮಣ್ಣೆಲ್ಲ ನಾವೇ ಇಟ್ಕೊಂಡ್ವಿ. ನಿಮಗೆ ಒಳ್ಳೆ ಸೀಸ ಸಿಕ್ತು" ಎಂದರು ಮಾವ. ವಾದದಲ್ಲಿ ಸೋತ ಯಜಮಾನರೆಲ್ಲ ಮಾಡುವುದನ್ನೇ ಇವರೂ ಮಾಡಿದರು. ಅಜ್ಜ ನಾಳೆಯಿಂದ ಬರುವುದು ಬೇಡ ಎಂದರು. ನಾನು ಮಾತ್ರ ಊತ ಇಳಿದರೂ ಸರಿ, ಇಳಿಯದಿದ್ದರೂ ಸರಿ, ಬೆಳಿಗ್ಗೆ ಎಂಟಕ್ಕೆ ಹಾಜರಿರಬೇಕು, ಆರ್ಡರ್ ಅರ್ಜೆಂಟಿದೆ ಎಂದರು. ಕಾದ ಕಡಾಯಿಗೆ ನೀರು ಬೀಳದ ಹಾಗೆ ಎಚ್ಚರ ವಹಿಸಲು ಅಚ್ಚಿನವನಿಗೆ ಹೇಳಿ, ತಮ್ಮ ಕೋಣೆಗೆ ಹೋದರು.

ಮನೆಗೆ ನಡೆದುಕೊಂಡು ಬಂದೆವು. ಅರ್ಧ ದಾರಿಗೆ ಬರುವಷ್ಟರಲ್ಲಿ ನನ್ನ ನಾಲಿಗೆ ಸ್ವಲ್ಪ ಹೊರಳಿತು. ಅದರ ಜೊತೆಗೆ ಸಿಟ್ಟೂ ಬಂತು.

"ಮಾವ, ಅಚ್ಚಿನವನ ಮುಖ ಹೋಗುತ್ತೆ ಅಂತ ನಿಮ್ಮ ಕರುಳು ಚುರುಕ್ ಅಂತು. ಒಂದೇ ದಿನಕ್ಕೆ. ಎಂಟು ತಿಂಗಳು ಅಲ್ಲಿ ನಿಂತಿದ್ದು ನನ್ನ ಮುಖ. ಅದು ಮುಖ ಅಲ್ವಾ?"

ಅವರು ಅಂಗಡಿಯೊಂದರ ಮುಂದೆ ನಿಂತು, ರಸ್ತೆ ನೋಡುತ್ತಾ ಹೇಳಿದರು.

"ನಾನು ಆಗಲೇ ಎದ್ದು ಹೋಗಿದ್ರೆ ಯಜಮಾನ ಇನ್ಯಾರನ್ನೋ ತಂದು ಕೂರಿಸ್ತಿದ್ದ. ಅವನು ಆರಿಸಿದ್ದನ್ನ ನೀವು ನಂಬ್ತಿದ್ರಿ. ನೋಡದೇ ಕಡಾಯಿಗೆ ಸುರೀತಿದ್ರಿ. ನಾನು ಆರಿಸಿದ್ದನ್ನ ನೀವು ನಂಬ್ತಿರಲಿಲ್ಲ. ಒಂದೊಂದರ ಬಾಯಿ ಬಿಡಿಸಿ ನೋಡ್ತಿದ್ರಿ. ನಿಮ್ಮ ಮುಖಕ್ಕೆ ಅದೇ ಒಳ್ಳೇದು ಅನ್ನಿಸ್ತು."

ಇದು ನಿಜವೋ, ಕೂತ ಜಾಗ ಬಿಡಲಾರದ ಮನುಷ್ಯ ಎಂಟು ತಿಂಗಳು ಕಣ್ಣು ಮುಚ್ಚಿಕೊಂಡು ಹೊಸೆದ ನೆಪವೋ, ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿರಲಿಕ್ಕಿಲ್ಲ. ಹದಿನೆಂಟು ವರ್ಷದಲ್ಲಿ ನಾನು ಅವರ ಎದುರು ಒಂದು ವಾದವನ್ನೂ ಗೆದ್ದಿಲ್ಲ, ಇದನ್ನೂ ಗೆಲ್ಲಲಿಲ್ಲ.

ಸೀಸದ ಧೂಳು ಮನೆಯೊಳಕ್ಕೆ ಬರಬಾರದೆಂದು ನಾವು ಶೆಡ್ಡಿನ ಬಟ್ಟೆಯನ್ನು ಹಿತ್ತಿಲಲ್ಲೇ ಬಿಚ್ಚುತ್ತೇವೆ. ಕೆಲ ಕಾಲದಿಂದ ಮಾವ, ನಾನು ಸ್ನಾನ ಮುಗಿಸಿ ಒಳಗೆ ಹೋಗುವವರೆಗೂ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿರುತ್ತಿದ್ದರು. ಹಿರಿತನದ ಬಿಂಕ ಎಂದುಕೊಂಡಿದ್ದೆ. ಅವತ್ತು ಕೂರಲಿಲ್ಲ. ನನ್ನ ಮುಂದೆ ಬಂದು, ಎರಡೂ ಕೈಯನ್ನು ಇಳಿಬಿಟ್ಟು, ಮುಖವನ್ನು ಮಾತ್ರ ಗೋಡೆಯ ಕಡೆ ತಿರುಗಿಸಿ ನಿಂತರು.

"ಗುಂಡಿ" ಎಂದರು.

ಬಗ್ಗಿ ನೋಡಿದೆ. ಅಂಗಿಯ ಒಂದೊಂದು ಕಾಜವೂ ಹರಿದು ಹಿಗ್ಗಿತ್ತು, ಎರಡು ಗುಂಡಿ ದಾರದಲ್ಲಿ ಜೋತಾಡುತ್ತಿದ್ದವು. ದಿನಾ ಸಂಜೆ ಈ ಹಿತ್ತಿಲಲ್ಲಿ ಒಬ್ಬರೇ ಎಷ್ಟು ಹೊತ್ತು ಇದರ ಜೊತೆ ಗುದ್ದಾಡುತ್ತಿದ್ದರೋ. ನನ್ನ ಕೈ ಮೊದಲ ಗುಂಡಿಯ ಮೇಲೇ ನಿಂತುಬಿಟ್ಟಿತು.

"ಬೇಗ ಬಿಚ್ಚಿ ಅಳಿಯಂದ್ರೇ" ಎಂದರು ಮಾವ. "ಮಗಳು ಬಂದುಬಿಡ್ತಾಳೆ."

ಬೇಗ ಬೇಗ ಬಿಚ್ಚಿದೆ.